ಗಾದಿಯ ಮೇಲೆ ಅವ್ವ

ನಮ್ಮಪ್ಪನಿಗೆ ಹೊಟ್ಟೆಕಿಚ್ಚು ಹತ್ತಿದ್ದು ಕಟ್ಟಿಕೊಂಡ ಹೆಂಡತಿಯ ಮೇಲೆ. ಇದನ್ನು ಯಾರಿಗೆ ಹೇಳಿದರೂ ನಗುತ್ತಾರೆ. ಗಂಡಸರು ಪಕ್ಕದ ಅಂಗಡಿಯವನ ಮೇಲೆ ಉರಿದುಕೊಳ್ಳುತ್ತಾರೆ, ಅಣ್ಣತಮ್ಮಂದಿರ ಮೇಲೆ ಉರಿದುಕೊಳ್ಳುತ್ತಾರೆ. ಇಷ್ಟು ವರ್ಷ ರೊಟ್ಟಿ ಬಡಿದು ಹಾಕಿದವಳ ಮೇಲೆ ಯಾರಾದರೂ ಉರಿದುಕೊಳ್ಳುತ್ತಾರೆಯೇ? ಉರಿದುಕೊಳ್ಳುತ್ತಾರೆ. ನಾನು ಅದೇ ಮನೆಯಲ್ಲಿದ್ದವಳು, ಕಣ್ಣಾರೆ ಕಂಡಿದ್ದೇನೆ.

ಅಪ್ಪನ ಹೆಸರು ಕಾಡಪ್ಪ, ಅವ್ವನ ಹೆಸರು ಪಾರವ್ವ. ನಾನು ಒಬ್ಬಳೇ ಮಗಳು, ಶೀತಲ್. ಪುಣೆಯ ಮಾರ್ಕೆಟ್ ಯಾರ್ಡಿನಲ್ಲಿ ನಮ್ಮದು ಬೆಲ್ಲದ ಅಡತಿ ಅಂಗಡಿ, ಮನೆ ಅಲ್ಲೇ ಹತ್ತಿರ ಬಿಬವೇವಾಡಿಯಲ್ಲಿ. ಮುಧೋಳ, ಮಹಾಲಿಂಗಪುರದ ಕಡೆಯ ರೈತರು ಲಾರಿಗೆ ಹೇರಿ ಕಳಿಸಿದ ಬೆಲ್ಲವನ್ನು ಇಳಿಸಿಕೊಂಡು, ಲಿಲಾವಿನಲ್ಲಿ, ಅಂದರೆ ಹರಾಜಿನಲ್ಲಿ, ಮಾರಿಸಿಕೊಡುವುದು ಅಪ್ಪನ ಕೆಲಸ. ಅಂಗಡಿಯೊಳಗೆ ಬಿಳಿ ಬಟ್ಟೆ ಹೊದಿಸಿದ ಗಾದಿ, ಗೋಡೆಗೆ ಒರಗಲು ಲೋಡುದಿಂಬು. ಆ ಗಾದಿಯ ಮೇಲೆ ಕೂತವನೇ ಸಾವಕಾರ. ಕುರ್ಚಿಯಲ್ಲಿ ಕೂರುವುದು ಬ್ಯಾಂಕಿನ ಗುಮಾಸ್ತರ ಹಣೆಬರಹ ಎಂದು ಅಪ್ಪ ಹೇಳುತ್ತಿದ್ದ.

ಅಪ್ಪನ ಬೆನ್ನು ಹರೆಯದಿಂದಲೇ ಬಿಗಿ. ಬೆಳಿಗ್ಗೆ ಹಾಸಿಗೆಯಿಂದ ಏಳುವಾಗ ಹಲಗೆಯನ್ನು ಎತ್ತಿ ನಿಲ್ಲಿಸಿದ ಹಾಗೆ ಏಳುತ್ತಿದ್ದ. ಹಿರಿಯರ ಕಾಲಿಗೆ ನಮಸ್ಕಾರ ಮಾಡಲೂ ಬಾಗಲಾಗದವನನ್ನು ಮಂದಿ ಸೊಕ್ಕಿನವನು ಎಂದುಕೊಂಡರು. ಅಪ್ಪನಿಗೆ ಆ ಹೆಸರು ಇಷ್ಟವೇ ಆಗಿತ್ತು. ಬೆನ್ನಿನ ಅದೇ ರೋಗ ಕ್ರಮೇಣ ಟೊಂಕದ ಕೀಲುಗಳನ್ನೂ ತಿಂದುಹಾಕಿತು. ತೊಂಬತ್ತಾರರಲ್ಲಿ ಮೀರಜಿಗೆ ಹೋಗಿ ಎಡಗಡೆಯ ಕೀಲು ಬದಲಿಸಿಕೊಂಡು ಬಂದ. ನೋವು ಹೋಯಿತು, ಆದರೆ ಆ ಕಾಲು ಪೂರ್ತಿ ಮಡಚಲು ಬರಲಿಲ್ಲ. ನೆಲದ ಮೇಲೆ ಕೂರಬೇಡಿ ಎಂದು ಅಲ್ಲಿನ ಡಾಕ್ಟರು ಹೇಳಿದ್ದನ್ನು ಅಪ್ಪ ಕಿವಿಗೇ ಹಾಕಿಕೊಳ್ಳಲಿಲ್ಲ. ಎಡಗಾಲನ್ನು ಉದ್ದಕ್ಕೆ ಚಾಚಿ, ಬಲಗಾಲನ್ನು ಮಡಚಿ ಗಾದಿಯ ಮೇಲೆಯೇ ಕೂತ. ಕಾಲು ಬಿಗಿದಿದ್ದಕ್ಕೆ ಡಾಕ್ಟರಿಗೆ ಬೈದ.

ಎರಡು ಸಾವಿರದ ಎರಡರ ದೀಪಾವಳಿಯ ಹೊತ್ತಿಗೆ ಬಲಗಾಲೂ ಕೈಕೊಟ್ಟಿತು. ಈ ಸಲ ಪುಣೆಯಲ್ಲೇ ತೋರಿಸಿದೆವು. ಡಾಕ್ಟರು ಎಕ್ಸ್‌ರೇಯನ್ನು ದೀಪದ ಮುಂದೆ ಸಿಕ್ಕಿಸಿ, ಬಲಗಡೆ ಬಿಟ್ಟು ಎಡಗಡೆಯನ್ನೇ ನೋಡುತ್ತ ನಿಂತರು. ಹಳೆಯ ಆಪರೇಷನ್ನಿನ ಲೋಹದ ಚೆಂಡಿನ ಸುತ್ತ ಬೆಳ್ಳಗೆ ಏನೋ ಕವಿದಿತ್ತು. ಅದು ಎಲುಬು ಎಂದರು. ಕೀಲು ಬದಲಿಸಿದ ಮೇಲೆ ಕೆಲವರಲ್ಲಿ ಸುತ್ತಲಿನ ಮಾಂಸದೊಳಗೆ, ಇರಬಾರದ ಕಡೆ, ಹೊಸ ಎಲುಬು ಹುಟ್ಟಿಕೊಳ್ಳುತ್ತದಂತೆ. ಬಹಳ ಮಂದಿಗೆ ಒಂಚೂರು ಬಂದು ಸುಮ್ಮನಾಗುತ್ತದೆ, ಕೆಲವರಿಗೆ ಕೀಲನ್ನೇ ಕಟ್ಟಿಹಾಕುತ್ತದೆ. ಯಾರಿಗೆ ಹೆಚ್ಚು ಎಂದು ಅವ್ವ ಕೇಳಿದಳು. ಹೆಂಗಸರಿಗಿಂತ ಗಂಡಸರಿಗೆ ಹೆಚ್ಚು. ಹೀಗೆ ಬೆನ್ನೆಲುಬು ಬಿಗಿಯುವ ರೋಗ ಇದ್ದವರಿಗೆ ಇನ್ನೂ ಹೆಚ್ಚು. ಒಂದು ಟೊಂಕದಲ್ಲಿ ಆಗಲೇ ಬೆಳೆದವರಿಗಂತೂ ಎರಡನೆಯದರಲ್ಲೂ ಬೆಳೆಯುವ ಭಯ ಬಹಳ ಎಂದರು ಡಾಕ್ಟರು. ಮೂರೂ ಅಪ್ಪನಲ್ಲಿದ್ದವು. ಮೊದಲನೆಯದನ್ನು ಕೇಳಿ ಅಪ್ಪ ಒಳಗೊಳಗೇ ಹಿಗ್ಗಿದ ಎಂದು ನನ್ನ ಗುಮಾನಿ.

ತಡೆಯುವುದಕ್ಕೆ ದಾರಿ ಇತ್ತು. ಆಪರೇಷನ್ ಆದ ಕೂಡಲೇ, ಎರಡು ಮೂರು ದಿನದೊಳಗೆ, ಒಂದೇ ಒಂದು ಸಲ ಆ ಜಾಗಕ್ಕೆ ರೇಡಿಯೇಷನ್ ಕೊಟ್ಟರೆ ಆಯಿತು. ಇನ್ನೊಂದು ದಾರಿ ಕ್ಯಾಪ್ಸೂಲು, ಅದು ಹೊಟ್ಟೆ ಕೆಡಿಸುತ್ತದೆ; ಅಪ್ಪನಿಗೆ ಮೊದಲೇ ಹೊಟ್ಟೆಯುರಿಯ ತೊಂದರೆ ಇದ್ದದ್ದರಿಂದ ರೇಡಿಯೇಷನ್ನೇ ವಾಸಿ ಎಂದರು. ಆದರೆ ಆ ಯಂತ್ರ ಇದ್ದದ್ದು ಕ್ಯಾನ್ಸರ್ ಆಸ್ಪತ್ರೆಯಲ್ಲಿ. ಅಪ್ಪ ಅಲ್ಲೇ ಬೇಡವೆಂದು ಕೈ ಅಲ್ಲಾಡಿಸಿದ.

"ಆ ದವಾಖಾನಿ ಬಾಗಲದಾಗ ನನ್ನ ಯಾರರ ಕಂಡ್ರಂದ್ರ ಮುಗೀತು," ಎಂದ ಹೊರಗೆ ಬಂದ ಮೇಲೆ. "ಸಂಜಿ ಆಗೂದ್ರಾಗ ಇಡೀ ಯಾರ್ಡಿನಾಗ ಸುದ್ದಿ ಹಬ್ಬತದ, ಕಾಡಪ್ಪ ಇವತ್ತೋ ನಾಳೆನೋ ಅಂತ. ಸಾಯೂ ಅಡತ್ಯಾನ ಅಂಗಡಿಗೆ ಯಾವ ರೈತ ಬೆಲ್ಲ ಕಳಸ್ತಾನ?"

"ಒಂದ ಸಲ ಅಲ್ರಿ? ಮಾರಿತುಂಬ ಶಾಲು ಹೊಚ್ಚಿ ಕರಕೊಂಡ ಹೋಗ್ತೀನಿ, ಬರ್ರಿ," ಎಂದಳು ಅವ್ವ.

"ನೀ ಸುಮ್ಮನಿರು. ನಿನಗ ಯಾರ್ಡ್ ಏನ ಗೊತ್ತದ?"

ಹಾಗಾಗಿ ಉಳಿದದ್ದು ಕ್ಯಾಪ್ಸೂಲು. ಆರು ವಾರ, ಊಟ ಆದ ಮೇಲೆ, ಹೊಟ್ಟೆಗೆ ಬೇರೆ ಒಂದು ಗುಳಿಗೆಯ ಜೊತೆ. ಒಂದು ದಿನವೂ ತಪ್ಪಿಸಬೇಡಿ, ಎಲುಬು ಹುಟ್ಟುವುದು ಮೊದಲ ವಾರಗಳಲ್ಲೇ ಎಂದು ಡಾಕ್ಟರು ಬೆರಳೆತ್ತಿ ಹೇಳಿದರು.

ಬಲಗಡೆಯ ಕೀಲು ಬದಲಿಸುವ ಆಪರೇಷನ್ ಚೆನ್ನಾಗಿಯೇ ಆಯಿತು. ಅಪ್ಪ ಮನೆಗೆ ಬಂದು ಎತ್ತರದ ಮಂಚದ ಮೇಲೆ ಮಲಗಿದ. ಆದರೆ ಹೊರಗೆ ಬೆಲ್ಲದ ಸುಗ್ಗಿ ಶುರುವಾಗಿತ್ತು, ಸಂಕ್ರಾಂತಿ ಎದುರಿಗಿತ್ತು. ಎಳ್ಳುಬೆಲ್ಲಕ್ಕೆ, ಹೋಳಿಗೆಗೆ ಇಡೀ ಪುಣೆ ಬೆಲ್ಲ ಕೇಳುವ ಕಾಲ. ಸುಗ್ಗಿಯಲ್ಲಿ ಗಾದಿ ಖಾಲಿ ಬಿಡುವಂತಿಲ್ಲ ಎಂಬುದು ನಮ್ಮವರ ಪದ್ಧತಿ. ಲೆಕ್ಕ ನೋಡುವುದಕ್ಕೆ ದಿವಾಣಜಿ ಪಂಢರಿನಾಥ ಇದ್ದ, ಹಮಾಲರಿದ್ದರು. ಆದರೆ ಗಾದಿಯ ಮೇಲೆ ಮನೆಯವರೇ ಒಬ್ಬರು ಕೂತಿರಬೇಕು. ಅವರ ಮುಖ ನೋಡಿಯೇ ರೈತ ಲಾರಿ ಕಳಿಸುವುದು. ನನಗೆ ಕಾಲೇಜು, ಬಿ.ಕಾಂ. ಕೊನೆಯ ವರ್ಷ. ಉಳಿದವಳು ಅವ್ವ. ಕಳಿಸಿದವನೂ ಅಪ್ಪನೇ, ಇದನ್ನು ಮರೆಯಬೇಡಿ.

"ಬರೇ ಕುಂತ್ರ ಸಾಕು," ಎಂದು ಹೇಳಿಕೊಟ್ಟ. "ಬಾಯಿ ತೆರೀಬ್ಯಾಡ. ಎಲ್ಲಾ ಪಂಢರಿನಾಥ ನೋಡಕೋತಾನ."

ಅವ್ವ ಒಂದೆರಡು ದಿನ ಬಾಯಿ ತೆರೆಯಲಿಲ್ಲ. ಆಮೇಲೆ ಒಬ್ಬ ರೈತ ಹೊಳೆಹೊಳೆಯುವ ಹಳದಿ ಬೆಲ್ಲ ತಂದು, ತಾನೇ ಹೊಗಳಿಕೊಳ್ಳುತ್ತ ನಿಂತನಂತೆ. ಅವ್ವ ಕೂತಲ್ಲಿಂದಲೇ ಒಂದು ಚೂರು ಮುರಿದು, ಬೆರಳಲ್ಲಿ ತಿಕ್ಕಿ, ನಾಲಿಗೆಗೆ ಇಟ್ಟು, "ಬಣ್ಣ ಬರಲಿ ಅಂತ ಪೌಡರ್ ಭಾಳ ಹಾಕೀರಿ, ಅಣ್ಣಾರ. ರುಚಿ ಸತ್ತದ," ಅಂದಳು. ಅವ್ವ ಹುಟ್ಟಿದ್ದೇ ಮುಧೋಳದ ಹತ್ತಿರ ಗಾಣದ ಮನೆಯಲ್ಲಿ. ಕುದಿಯುವ ಕೊಪ್ಪರಿಗೆಯ ವಾಸನೆಯಲ್ಲೇ ಬೆಳೆದವಳು. ರೈತ ತಲೆ ತಗ್ಗಿಸಿದ. ಮುಂದಿನ ಸಲ ಪೌಡರ್ ಹಾಕದೆ ಕಂದು ಬೆಲ್ಲ ಕಳಿಸ್ರಿ, ಮಾರುವ ಜಿಮ್ಮೆದಾರಿ ನಂದು ಎಂದಳು. ಕಂದು ಬೆಲ್ಲದ ಲಾರಿ ಬಂತು. ತರಕಾರಿ ತರುವಷ್ಟೇ ಬರುತ್ತಿದ್ದ ಮರಾಠಿಯಲ್ಲಿ ಅವ್ವ ಖರೀದಿದಾರರ ಬಾಯಿಗೆ ಒಂದೊಂದು ಚೂರು ಹಾಕಿ, ತಿಂದು ನೋಡಿ ಆಮೇಲೆ ಮಾತಾಡಿ ಎಂದಳಂತೆ. ಹಳದಿಗಿಂತ ಕಂದು ಮೇಲಿನ ದರಕ್ಕೆ ಹೋಯಿತು.

ಇದನ್ನು ಅಪ್ಪನಿಗೆ ಹೇಳಿದವನು ಪಂಢರಿನಾಥ. ದಿನಾ ಸಂಜೆ ಮನೆಗೆ ಬಂದು ವರದಿ ಒಪ್ಪಿಸುವುದು ಅವನ ರೂಢಿ. ಪಾಪದ ಮನುಷ್ಯ, ಸಾವಕಾರರಿಗೆ ಖುಷಿಯಾಗಲಿ ಎಂದೇ ಹೇಳಿದ. ವಹಿನಿ (ಅತ್ತಿಗೆ, ಅವ್ವನನ್ನು ಹಾಗೇ ಕರೆಯುತ್ತಿದ್ದ) ಗಾದಿಯ ಮೇಲೆ ಕೂತರೆ ಅಂಗಡಿ ತುಂಬಿದ ಹಾಗೆ ಕಾಣುತ್ತದೆ, ಎಷ್ಟೋ ವರ್ಷದಿಂದ ಅಲ್ಲೇ ಇದ್ದವರ ಹಾಗೆ ಎಂದ. ಅಪ್ಪ ಚಹಾದ ಕಪ್ಪನ್ನು ಪಕ್ಕಕ್ಕಿಟ್ಟ. ಆಮೇಲೆ ಕುಡಿಯಲೇ ಇಲ್ಲ.

ಅವತ್ತಿನಿಂದ ಶುರು. ಅವ್ವ ಸಂಜೆ ದಣಿದು ಬಂದು ಚಪ್ಪಲಿ ಬಿಡುವ ಮೊದಲೇ ಪ್ರಶ್ನೆ. ಯಾರು ಬಂದಿದ್ದರು, ಎಲ್ಲಿ ಕೂತರು, ಏನಂದರು, ನೀನೇನಂದೆ. ಒಳ್ಳೆಯ ದರ ಬಂದಿದ್ದರೆ ಇನ್ನೂ ಹೆಚ್ಚು ಬರಬೇಕಿತ್ತು ಎನ್ನುವುದು; ಹೆಚ್ಚು ಬಂದಿದ್ದರೆ ಖರೀದಿದಾರನನ್ನು ಸುಲಿದೆ ಎನ್ನುವುದು. ಹಗಲೆಲ್ಲ ಮಂಚದ ಪಕ್ಕದ ಫೋನಿನಿಂದ ಅಂಗಡಿಗೆ ಫೋನು. ಅಲ್ಲಿ ಫೋನು ಎಂಗೇಜ್ ಬಂದರೆ ಮುಖ ಕೆಂಪಗಾಗುತ್ತಿತ್ತು.

"ಯಾರ ಕೂಡ ಇಷ್ಟ ಹೊತ್ತು ಮಾತಾಡಾಕತ್ತಾಳ ನಿಮ್ಮವ್ವ?" ಎಂದು ನನ್ನನ್ನು ಕೇಳುತ್ತಿದ್ದ.

"ಊರಿಂದ ಫೋನ್ ಬಂದಿರತಾವ ಅಪ್ಪಾ. ದರ ಕೇಳಾಕ."

"ನಾ ಇದ್ದಾಗ ಇಷ್ಟ ಬರ್ತಿದ್ದಿಲ್ಲ."

ಆ ಮಾತು ನಿಜ. ನಿಜವಾದ್ದರಿಂದಲೇ ಅವನ ಹೊಟ್ಟೆಯಲ್ಲಿ ಬೆಂಕಿ ಬಿದ್ದಿತ್ತು. ಒಮ್ಮೆ ನಮ್ಮ ಕಡೆಯ ಹೆಂಗಸೊಬ್ಬಳು ಅಪ್ಪನ ಆರೋಗ್ಯ ವಿಚಾರಿಸಲು ಬಂದು, ಯಾರ್ಡಿನಲ್ಲಿ ಪಾರವ್ವನ ಅಂಗಡಿ ಅಂದರೆ ಈಗ ಎಲ್ಲರೂ ತೋರಿಸುತ್ತಾರೆ ಎಂದುಬಿಟ್ಟಳು. ಅಪ್ಪ ಗೋಡೆಯ ಕಡೆ ಮುಖ ತಿರುಗಿಸಿದ. ಅವಳು ನಿದ್ದೆ ಬಂದಿರಬೇಕು ಎಂದುಕೊಂಡು ದನಿ ತಗ್ಗಿಸಿ ಇನ್ನೂ ಹೊಗಳಿದಳು.

ಮೊದಲ ದಿನಗಳಲ್ಲಿ ಅವ್ವ ಮಧ್ಯಾಹ್ನ ರಿಕ್ಷಾ ಮಾಡಿಕೊಂಡು ಮನೆಗೆ ಬಂದು, ಅಪ್ಪನಿಗೆ ಬಡಿಸಿ, ಕ್ಯಾಪ್ಸೂಲು ಕೈಗೆ ಕೊಟ್ಟು ಹೋಗುತ್ತಿದ್ದಳು. ಸಂಕ್ರಾಂತಿ ಹತ್ತಿರವಾದಂತೆ ಲಿಲಾವು ಮಧ್ಯಾಹ್ನ ದಾಟತೊಡಗಿತು, ಬರಲಾಗಲಿಲ್ಲ. ಬೆಳಿಗ್ಗೆಯೇ ಅಡುಗೆ ಮಾಡಿಟ್ಟು, ಕಾಲೇಜಿನಿಂದ ಬಂದ ನನಗೆ ಬಡಿಸಲು ಹೇಳಿದಳು. ಅಪ್ಪ ತಾಟನ್ನು ಮುಟ್ಟಲಿಲ್ಲ.

"ಆಕಿ ಬಂದು ಬಡಿಸಿದ್ರ ಊಟ," ಎಂದ.

"ನಾ ಬಡಿಸೇನಲ್ಲ ಅಪ್ಪಾ, ಅದ ರೊಟ್ಟಿ, ಅದ ಪಲ್ಯ."

"ಗಂಡ ಹಾಸಗಿ ಮ್ಯಾಲ ಬಿದ್ದಾನ. ಒಂದ ತುತ್ತು ಬಡಸಾಕ ಪುರಸೊತ್ತಿಲ್ಲ ಆಕೀಗೆ. ಏನ ದೊಡ್ಡ ಸಾವಕಾರ್ತಿ."

ನಾನು ಸಿಟ್ಟಿನಲ್ಲಿ ತಾಟು ಅಲ್ಲೇ ಬಿಟ್ಟು ಒಳಗೆ ಹೋದರೆ ಸ್ವಲ್ಪ ಹೊತ್ತಿಗೆ ಅರ್ಧ ರೊಟ್ಟಿ ತಿಂದಿರುತ್ತಿದ್ದ. ಕ್ಯಾಪ್ಸೂಲನ್ನು ಕೈಗೆ ಕೊಟ್ಟರೆ, "ಇಡು, ತಗೋತೀನಿ" ಎನ್ನುತ್ತಿದ್ದ. ಬಂದು ನೋಡಿದರೆ ನೀರಿನ ಲೋಟ ಖಾಲಿ, ಕ್ಯಾಪ್ಸೂಲು ಇಲ್ಲ. ನುಂಗಿದ ಎಂದೇ ನಾನು ತಿಳಿದೆ. ದೊಡ್ಡ ಮನುಷ್ಯ ಔಷಧದ ವಿಷಯದಲ್ಲಿ ಕಳ್ಳತನ ಮಾಡುತ್ತಾನೆಂದು ಯಾರಿಗೆ ಅನ್ನಿಸುತ್ತದೆ?

ಸಂಕ್ರಾಂತಿ ಮುಗಿದು, ಕ್ಯಾಪ್ಸೂಲಿನ ವಾರಗಳೂ ಕಳೆದು, ಒಂದು ಭಾನುವಾರ ಅವ್ವ ದಿಂಬುಗಳ ಚೀಲ ಒಗೆಯಲು ತೆಗೆದಳು. ಅಪ್ಪನ ದಿಂಬಿನ ಒಂದು ಬದಿಯ ಹೊಲಿಗೆ ಬಿಚ್ಚಿತ್ತು. ಅರಳೆಯ ಒಳಗೆ ಕೈ ಹಾಕಿದರೆ ಕ್ಯಾಪ್ಸೂಲುಗಳು ಒಂದಕ್ಕೊಂದು ಅಂಟಿಕೊಂಡು ಗಂಟಾಗಿದ್ದವು. ಅವ್ವ ಬಚ್ಚಲಲ್ಲಿ ಕೂತು ಅದನ್ನು ಅಂಗೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು. ನಾನು ಅಪ್ಪನ ಹತ್ತಿರ ಹೋಗಲು ಎದ್ದರೆ ನನ್ನ ಓಢಣಿ ಹಿಡಿದು ಕೂರಿಸಿದಳು.

"ಬ್ಯಾಡ. ಈಗ ಕೇಳಿ ಏನ ಮಾಡೂದು? ವ್ಯಾಳ್ಯಾ ಮುಗದ ಹೋಗ್ಯದ," ಎಂದಳು.

ಅದಕ್ಕೂ ಮೊದಲಿನಿಂದಲೇ ಅಪ್ಪನ ಬಲಗಾಲು ಬಿಗಿಯತೊಡಗಿದ್ದು ನಮಗೆಲ್ಲ ಕಂಡಿತ್ತು. ಮೊದಮೊದಲು ಮಂಚದ ಅಂಚಿನಲ್ಲಿ ಚೆನ್ನಾಗಿ ಕೂರುತ್ತಿದ್ದವನು ಈಗ ಹಿಂದಕ್ಕೆ ಒರಗಿ, ಕಾಲು ಚಾಚಿಯೇ ಕೂರುತ್ತಿದ್ದ. ಹೋಳಿ ಹುಣ್ಣಿಮೆ ಆದ ಮೇಲೆ ಡಾಕ್ಟರಿಗೆ ತೋರಿಸಿದೆವು. ಈ ಎಕ್ಸ್‌ರೇಯಲ್ಲಿ ನನಗೂ ತಿಳಿಯಿತು. ಬಲಗಡೆ ಚೆಂಡಿನ ಮೇಲಿಂದ ತೊಡೆಯವರೆಗೆ ಬಿಳಿಯ ಸೇತುವೆ ಕಟ್ಟಿಬಿಟ್ಟಿತ್ತು.

ಡಾಕ್ಟರು ಅಪ್ಪನನ್ನು ನೋಡಿದರು. ಕ್ಯಾಪ್ಸೂಲು ಪೂರ್ತಿ ತೆಗೆದುಕೊಂಡಿರಾ ಎಂದು ಕೇಳಿದರು.

ಅಪ್ಪ ಅವ್ವನ ಕಡೆ ಕೈ ತೋರಿಸಿ, ಸ್ವಚ್ಛ ಮರಾಠಿಯಲ್ಲಿ ಹೇಳಿದ: "ಇವಳು ಕೊಟ್ಟರಲ್ಲವೇ ತೆಗೆದುಕೊಳ್ಳುವುದು? ಇವಳು ಮನೆಯಲ್ಲೇ ಇರುವುದಿಲ್ಲ. ದಿನವಿಡೀ ಅಂಗಡಿ."

ನನ್ನ ಮೈ ಉರಿದುಹೋಯಿತು. ಬಾಯಿ ತೆರೆಯುವಷ್ಟರಲ್ಲಿ ಅವ್ವ ನನ್ನ ಕಾಲನ್ನು ತುಳಿದಳು. ಡಾಕ್ಟರು ಅವ್ವನ ಕಡೆ ತಿರುಗಿ, ಆರು ವಾರದ ಮಾತಾಗಿತ್ತು ತಾಯಿ, ಅಂಗಡಿ ಎಲ್ಲಿಗೂ ಓಡಿಹೋಗುತ್ತಿರಲಿಲ್ಲ ಎಂದರು. ಕೊಟ್ಟಿದ್ದರೂ ಬರುತ್ತಲೇ ಇರಲಿಲ್ಲ ಎಂದು ಹೇಳಲಾರೆ, ಇವರ ಮೈಯೇ ಅಂಥದ್ದು. ಆದರೆ ನಮ್ಮ ಕೈಯಲ್ಲಿದ್ದದ್ದು ಅದೊಂದೇ ಆಗಿತ್ತು ಎಂದೂ ಸೇರಿಸಿದರು. ಎಲುಬು ಬೆಳೆದು ನಿಲ್ಲುವವರೆಗೆ, ಒಂದು ವರ್ಷವೋ ಇನ್ನೂ ಹೆಚ್ಚೋ, ಮುಟ್ಟುವ ಹಾಗಿಲ್ಲ. ಆಮೇಲೆ ತೆಗೆದರೂ ಮತ್ತೆ ಬರಬಹುದು.

ಮನೆಗೆ ಬಂದ ಮೇಲೆ ಅಡುಗೆಮನೆಯಲ್ಲಿ ನಾನು ಅವ್ವನ ಮೇಲೆ ಹಾರಾಡಿದೆ. ಯಾಕೆ ಸುಮ್ಮನಿದ್ದೆ, ಯಾಕೆ ದಿಂಬಿನ ವಿಷಯ ಹೇಳಲಿಲ್ಲ ಎಂದು ಕೇಳಿದೆ.

"ಪರಕೀ ಮನುಷ್ಯಾನ ಮುಂದ ನಾ ಯಾಕ ಹೇಳ್ಲಿ?" ಎಂದಳು. "ಅವರಿಗೆ ನಾ ಮನ್ಯಾಗ ಬೇಕು, ಹೌದಿಲ್ಲೋ? ಇನ್ನ ಮನ್ಯಾಗ ಇರ್ತೀನಿ. ಗಾದಿ ಅವರದ, ಅವರ ಕುಂಡ್ರಲಿ."

ಮರುದಿನದಿಂದ ಅವ್ವ ಅಂಗಡಿಗೆ ಹೋಗಲಿಲ್ಲ. ಅಪ್ಪ ಹೋದ. ಆದರೆ ಗಾದಿಯ ಮೇಲೆ ಕೂರಲು ಈಗ ಮಡಚುವ ಕಾಲೇ ಉಳಿದಿರಲಿಲ್ಲ. ಗಾದಿಯ ಪಕ್ಕದಲ್ಲಿ ಎತ್ತರದ ಕುರ್ಚಿ ಹಾಕಿಸಿಕೊಂಡು, ಎರಡೂ ಕಾಲನ್ನು ಮುಂದಕ್ಕೆ ಚಾಚಿ ಕೂತ. ಬಂದ ರೈತರು ಅಪ್ಪನಿಗೆ ನಮಸ್ಕಾರ ಮಾಡಿ, ಖಾಲಿ ಗಾದಿಯನ್ನು ನೋಡಿ, ಅವ್ವಾರು ಎಲ್ಲಿ ಎಂದು ಕೇಳುವರಂತೆ. ಪಂಢರಿನಾಥ ನನಗೆ ಹೇಳಿದ್ದು ಇದು. ಅಪ್ಪ ಮನೆಗೆ ಬಂದು ಯಾರ ಹೆಸರೂ ಎತ್ತುತ್ತಿರಲಿಲ್ಲ.

ಮಧ್ಯಾಹ್ನ ಅಪ್ಪ ಊಟಕ್ಕೆ ರಿಕ್ಷಾದಲ್ಲಿ ಬರುತ್ತಿದ್ದ. ಅವ್ವ ಬಿಸಿ ರೊಟ್ಟಿ ಬಡಿಸಿ, ಎದುರಿಗೆ ಕೂತು, ಅವನು ಕೈ ತೊಳೆಯುವವರೆಗೂ ಅವನ ಮುಖವನ್ನೇ ನೋಡುತ್ತಿದ್ದಳು. ಬೇಕು ಎಂದದ್ದೆಲ್ಲ ಸಿಕ್ಕಿತ್ತು ಅಪ್ಪನಿಗೆ: ಅಂಗಡಿ, ಮನೆಯಲ್ಲಿ ಹೆಂಡತಿ, ಕೈಯಾರೆ ಬಡಿಸಿದ ಊಟ. ದಿನದಿಂದ ದಿನಕ್ಕೆ ಸೊರಗಿದ. ನನಗೇನೂ ಕನಿಕರ ಬರಲಿಲ್ಲ.

ಹೀಗಿರುವಾಗ ಒಂದು ಮಧ್ಯಾಹ್ನ ಅಪ್ಪ ಉಣ್ಣುತ್ತಿದ್ದ ಹೊತ್ತಿಗೆ ಬಾಗಿಲಲ್ಲಿ ಧರ್ಮಣ್ಣ ಬಂದು ನಿಂತ. ಮೊದಲ ಕಂದು ಬೆಲ್ಲದ ಲಾರಿ ಕಳಿಸಿದ್ದ ರೈತ ಇವನೇ. ಕೈಯಲ್ಲಿ ಎಳನೀರು, ಒಂದು ಸಣ್ಣ ಬೆಲ್ಲದ ಅಚ್ಚು. ಅವ್ವನನ್ನು ಕಂಡು ಗಾಬರಿಯಾದ.

"ಎದ್ದ ಅಡ್ಡಾಡಾಕತ್ತೀರ್ರಿ ಅವ್ವಾರ?" ಎಂದ. "ನಾ ಎಳನೀರ ತಗೊಂಡ ಓಡಿ ಬಂದ್ನಿ. ಹಾಸಗಿ ಹಿಡದೀರಿ, ಎದ್ದ ಕೂಡ್ರಾಕೂ ಆಗೂದಿಲ್ಲ ಅಂದಿದ್ರು."

"ಯಾರ ಅಂದ್ರು?"

ಧರ್ಮಣ್ಣ ಅಪ್ಪನನ್ನು ನೋಡಿದ. ಅಪ್ಪ ತಾಟನ್ನು ನೋಡಿದ. ತಿಂಗಳಿನಿಂದ ಕೇಳಿದವರಿಗೆಲ್ಲ ಅಪ್ಪ ಹೇಳಿದ್ದು ಅದೇ, ಆಕೆಗೆ ಆರಾಮಿಲ್ಲ ಅಂತ. ಅವಳು ಅಂಗಡಿ ಬಿಟ್ಟದ್ದಕ್ಕೆ ಬೇರೆ ಯಾವ ಕಾರಣವನ್ನು ತಾನೇ ಬಾಯಿಬಿಟ್ಟು ಹೇಳಬಲ್ಲ? ಅವ್ವ ಈಗ ಸಿಡಿಯುತ್ತಾಳೆ, ದಿಂಬು, ಕ್ಯಾಪ್ಸೂಲು, ಡಾಕ್ಟರು ಎಲ್ಲ ಹೊರಗೆ ಬೀಳುತ್ತದೆ ಎಂದು ನಾನು ಕಾದೆ. ಬೀಳಲಿ ಎಂದೇ ಬಯಸಿದೆ.

"ಹೌದ ಧರ್ಮಣ್ಣ, ಆರಾಮಿದ್ದಿಲ್ಲ," ಎಂದಳು ಅವ್ವ. "ಇವತ್ತ ನೆಟ್ಟಗಾತು. ನಿಮ್ಮ ಲಾರಿ ಬಂದದೇನು?"

"ಬಂದದ್ರಿ. ಇಳಿಸಿಲ್ಲ ಇನ್ನಾ. ನೀವು ಒಂದ ಸಲ ನೋಡಿದ್ರ..."

"ನಡೀರಿ, ಬಂದೆ."

ಅವ್ವ ಸೌಟನ್ನು ಪಾತ್ರೆಯಲ್ಲಿ ಬಿಟ್ಟು, ಕೈ ತೊಳೆದು, ಸೆರಗು ಸರಿಮಾಡಿಕೊಂಡು ಚಪ್ಪಲಿ ಮೆಟ್ಟಿದಳು. ಧರ್ಮಣ್ಣ ಮೆಟ್ಟಿಲು ಇಳಿಯುತ್ತಿದ್ದ.

"ನಾ ಉಣ್ಣಾಕತ್ತೀನಿ," ಎಂದ ಅಪ್ಪ. ದನಿ ಸಣ್ಣದಾಗಿತ್ತು. "ನನಗ ಬಡಸವರು ಯಾರು?"

"ಟೊಂಕದಾಗ ಎಲಬು ಬೆಳದದ್ರಿ, ಕೈಯಾಗಲ್ಲ," ಎಂದಳು ಅವ್ವ. "ನಾ ಸಂಜೀಕ ಬರ್ತೀನಿ. ನಾಳೆನೂ ಹೋಗ್ತೀನಿ, ನಾಡದ್ದೂ ಹೋಗ್ತೀನಿ. ನಿಮಗ ಬರೂದಿದ್ರ ಬರ್ರಿ, ಕುರ್ಚಿ ಅಲ್ಲೇ ಇರ್ತದ."

ಅವ್ವ ಹೋದ ಮೇಲೆ ಅಪ್ಪ ಕುರ್ಚಿಯ ತೋಳು ಹಿಡಿದು ಎದ್ದ. ತಾಟು ಹಿಡಿದುಕೊಂಡು ಅಡುಗೆಮನೆಯ ಕಟ್ಟೆಯವರೆಗೆ ಹೆಜ್ಜೆ ಎಳೆಯುತ್ತ ಬಂದ. ನಾನು ಸಹಾಯಕ್ಕೆ ಹೋಗಲಿಲ್ಲ. ತಾನೇ ಅನ್ನ ಹಾಕಿಕೊಂಡು, ತಾನೇ ಸಾರು ಬಡಿಸಿಕೊಂಡು, ಕಟ್ಟೆಗೆ ಒರಗಿ ನಿಂತುಕೊಂಡೇ ಉಣ್ಣತೊಡಗಿದ.

"ಶೀತಲ್," ಎಂದ ಆಮೇಲೆ. "ಖರೇ ಹೇಳು. ಗಾದಿ ಮ್ಯಾಲ ಆಕಿ ನನಗಿಂತ ಛಲೋ ಕಾಣ್ತಾಳೇನು?"

ಇಲ್ಲ ಎನ್ನಬಹುದಿತ್ತು. ಆ ಮಾತಿಗಾಗಿಯೇ ಅವನು ನನ್ನ ಮುಖ ನೋಡುತ್ತಿದ್ದ.

"ಹೌದಪ್ಪಾ," ಎಂದೆ. "ಭಾಳ ಛಲೋ ಕಾಣ್ತಾಳ."

ಅಪ್ಪನ ಕಣ್ಣು ತುಂಬಿದವು. ಒರೆಸಿಕೊಳ್ಳಲು ಒಂದು ಕೈಯಲ್ಲಿ ತಾಟು, ಇನ್ನೊಂದು ಎಂಜಲು.

"ನನಗ ಗೊತ್ತಿತ್ತು," ಎಂದ. "ಪಂಢರಿನಾಥ ಬಂದು ಹೇಳಿದ ದಿನಾನ ಗೊತ್ತಾಗಿತ್ತು."